ಪ್ರಿಂಟರಿಗೆ ತಿಂಡಿ ಕೊಡುತ್ತಿದ್ದ ಕಾಲ

ನನ್ನ ಮೊದಲ ನೌಕರಿಯಲ್ಲಿ ದಿನದ ಮೊದಲ ಕೆಲಸ ಪ್ರಿಂಟರಿಗೆ ತಿಂಡಿ ಕೊಡುವುದಾಗಿತ್ತು. ಇದನ್ನು ಹೇಳಿದರೆ ನನ್ನ ಮಗಳು ಈಗಲೂ ಬಿದ್ದು ಬಿದ್ದು ನಗುತ್ತಾಳೆ. ನಗಲಿ, ಅವಳಿಗೇನು ಗೊತ್ತು. ಫೋನಿನ ಮೇಲೆ ಎರಡು ಬೆರಳಿಟ್ಟು ಅಗಲಿಸಿದರೆ ಅಕ್ಷರ ದೊಡ್ಡದಾಗುವ ಕಾಲದಲ್ಲಿ ಹುಟ್ಟಿದವಳು. ನಮ್ಮ ಕಾಲದಲ್ಲಿ ಅಕ್ಷರ ದೊಡ್ಡದಾಗಬೇಕಾದರೆ ಬೆಂಗಳೂರಿನಿಂದ ಬೇರೆ ಫ್ಲಾಪಿ ಬರಬೇಕಿತ್ತು.

ಆ ಪ್ರೆಸ್ಸು ಬನ್ನಿಮಂಟಪದ ಕಡೆಯ ಒಂದು ಗಲ್ಲಿಯಲ್ಲಿತ್ತು. ನಾನು ಬೇಸಾಯದ ಮನೆಯ ಹುಡುಗಿ. ಊರಿನಲ್ಲಿ ಹೈಸ್ಕೂಲು ಮುಗಿಸಿ, ಮೈಸೂರಿನಲ್ಲಿ ಟೈಪಿಂಗ್ ಕಲಿತು, ವಿಜಯನಗರದ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದೆ. ಆಗ ವಿಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಪ್ರೆಸ್ಸಿನಲ್ಲಿ ನಾನೂ ಸೇರಿ ಮೂರೇ ಜನ. ಯಜಮಾನರು ತಲೆಮಾರುಗಳಿಂದ ಮೈಸೂರಿನಲ್ಲೇ ನೆಲೆಸಿದ ಕ್ಯಾಥೊಲಿಕ್ ಕುಟುಂಬದವರು; ಪ್ರೆಸ್ಸು ಅವರ ತಂದೆ ಕಟ್ಟಿದ್ದು. ಇನ್ನೊಬ್ಬರು ಕಂಪೋಸಿಟರು. ಯಜಮಾನರ ತಂದೆಯ ಕಾಲದಿಂದಲೂ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವರು. ನಾನು ಅವರನ್ನು ದೊಡ್ಡಪ್ಪ ಅನ್ನುತ್ತಿದ್ದೆ.

ನಾನು ಸೇರುವ ಹೊತ್ತಿಗೆ ಮೊಳೆಗಳ ಕಾಲ ಮುಗಿದಿತ್ತು. ಯಜಮಾನರು ಹಳೆಯ ಮೆಷಿನ್ನು, ಸೀಸ ಎಲ್ಲವನ್ನೂ ಮಾರಿ ಒಂದು ಕಂಪ್ಯೂಟರ್ ಮತ್ತು ಒಂದು ಲೇಸರ್ ಪ್ರಿಂಟರು ತಂದಿದ್ದರು. ಮರದ ಕೇಸುಗಳನ್ನು ಮಾತ್ರ ಯಾರೂ ಕೊಳ್ಳಲಿಲ್ಲ. ಒಂದೊಂದು ಕೇಸಿನಲ್ಲೂ ಸಣ್ಣ ಸಣ್ಣ ಗೂಡುಗಳು. ಒಂದೊಂದು ಅಕ್ಷರಕ್ಕೆ ಒಂದೊಂದು ಗೂಡು. ಅವನ್ನು ದೊಡ್ಡಪ್ಪ ಮನೆ ಅನ್ನುತ್ತಿದ್ದರು. ಕ-ಕಾರದ ಮನೆ, ತ-ಒತ್ತಿನ ಮನೆ, ಹೀಗೆ. ಎಲ್ಲ ಮನೆಗಳೂ ಖಾಲಿಯಾಗಿ, ಹಿಂದಿನ ಗೋಡೆಗೆ ಓರೆಯಾಗಿ ಒರಗಿ ನಿಂತಿದ್ದವು. ದೊಡ್ಡಪ್ಪನನ್ನು ಯಜಮಾನರು ಪ್ರೂಫ್ ನೋಡಲು, ಕಾಗದ ಕತ್ತರಿಸಲು, ಬೈಂಡು ಮಾಡಲು ಉಳಿಸಿಕೊಂಡಿದ್ದರು. ಅಷ್ಟು ಕೆಲಸ ಅಲ್ಲಿ ಇರಲಿಲ್ಲ ಅನ್ನುವುದು ಮೂವರಿಗೂ ಗೊತ್ತಿತ್ತು.

ಇನ್ನು ಆ ಪ್ರಿಂಟರು. ಹುಟ್ಟಾ ಇಂಗ್ಲಿಷ್ ಮಾತ್ರ ಬಲ್ಲ ಜೀವ. ಕನ್ನಡ ಅಕ್ಷರಗಳನ್ನು ಪ್ರತಿದಿನ ಬೆಳಿಗ್ಗೆ ಫ್ಲಾಪಿಯಿಂದ ಅದರ ಹೊಟ್ಟೆಗೆ ತುಂಬಬೇಕು. ಅರ್ಧ ಗಂಟೆಯ ಕೆಲಸ. ಸಂಜೆ ಆಫ್ ಮಾಡಿದೆವೋ, ಕಲಿತದ್ದೆಲ್ಲ ಮರೆತು ಮಾರನೆಯ ಬೆಳಿಗ್ಗೆ ಮತ್ತೆ ಇಂಗ್ಲಿಷ್ ಸಾಹೇಬನಾಗಿ ಕೂತಿರುತ್ತಿತ್ತು. ತಿಂಡಿ ಕೊಡದೆ ಕೆಲಸಕ್ಕೆ ಹಚ್ಚಿದರೆ ಪರದೆಯ ಮೇಲೆ ಚೆಂದದ ಕನ್ನಡ ಕಾಣುತ್ತಿತ್ತು. ಕಾಗದದ ಮೇಲೆ ಮಾತ್ರ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೆರೆ ಎಳೆದುಕೊಂಡ ಎ, ಎಲ್ಲಿಂದಲೋ ಬಂದ ಪೌಂಡಿನ ಗುರುತು. ಕನ್ನಡದ ಒಂದೊಂದು ತುಂಡನ್ನೂ ಇಂಗ್ಲಿಷಿನ ಒಂದೊಂದು ಅಕ್ಷರದ ಜಾಗದಲ್ಲಿ ಬಚ್ಚಿಟ್ಟಿದ್ದರಂತೆ. ಮುಸುಕು ತೆಗೆದರೆ ಒಳಗಿನದೇ ಕಾಣುವುದು.

ತಿಂಡಿ ಕೊಟ್ಟ ಮೇಲೂ ನೆಮ್ಮದಿಯೇನಿಲ್ಲ. ಸಾಫ್ಟ್‌ವೇರಿನ ಲೆಕ್ಕದಲ್ಲಿ ಒಂದು ಅಕ್ಷರದ ಅಗಲ ಒಂದು, ಪ್ರಿಂಟರಿನ ಲೆಕ್ಕದಲ್ಲಿ ಇನ್ನೊಂದು. ಎರಡೂ ಜಗಳವಾಡಿದ ಓರಗಿತ್ತಿಯರ ಹಾಗೆ. ಒಬ್ಬಳು ಹೇಳಿದ್ದು ಇನ್ನೊಬ್ಬಳು ಕೇಳಳು. ಮದುವೆ ಕಾರ್ಡಿನಲ್ಲಿ ವಧುವಿನ ಹೆಸರು ವರನ ಹೆಸರಿನ ಮೇಲೆ ಹತ್ತಿ ಕೂರುತ್ತಿತ್ತು. ಒಂದು ಪುಟ ಸರಿಯಾಗಿ ಬರುವ ಹೊತ್ತಿಗೆ ಐದಾರು ಪುಟ ಹಾಳಾಗುತ್ತಿದ್ದವು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಹಾಳಾದ ಪುಟವನ್ನು ಮುದುರಿ ಉಂಡೆ ಮಾಡಿ ಬುಟ್ಟಿಗೆ ಎಸೆಯುತ್ತಿದ್ದೆ. ದೊಡ್ಡಪ್ಪ ಎದ್ದು ಬಂದು ಆ ಉಂಡೆಯನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಮೊಣಕಾಲ ಮೇಲಿಟ್ಟು ನೇವರಿಸಿ ನೇವರಿಸಿ ಚಪ್ಪಟೆ ಮಾಡುತ್ತಿದ್ದರು.

ಆಮೇಲೆ ಕತ್ತರಿ ತೆಗೆದು ಕತ್ತರಿಸಲು ಕೂರುತ್ತಿದ್ದರು. ಸಣ್ಣ ಅಕ್ಷರದ ಗೋಜಿಗೆ ಹೋಗುತ್ತಿರಲಿಲ್ಲ. ದಪ್ಪ ಅಕ್ಷರ ಕಂಡರೆ ಮಾತ್ರ ಅದನ್ನು ಬಿಡಿಬಿಡಿಯಾಗಿ ಕತ್ತರಿಸಿ, ಎದ್ದು ಹೋಗಿ, ಖಾಲಿ ಕೇಸಿನಲ್ಲಿ ಅದರದರ ಮನೆಗೆ ಹಾಕಿ ಬರುವುದು.

"ಇದೇನ್ ಮಾಡ್ತಿದೀರ ದೊಡ್ಡಪ್ಪಾ?" ಅಂತ ಮೊದಲ ಸಲ ಕೇಳಿದೆ.

"ಅಚ್ಚಾದ ಮೇಲೆ ಅಕ್ಷರ ಅದರ ಮನೆಗೆ ಓಗ್ಬೇಕು ಕಣಮ್ಮ. ಇಲ್ಲಾಂದ್ರೆ ನಾಳೆ ಜೋಡಿಸೋಕೆ ಎಲ್ಲಿಂದ ತತ್ತೀಯ?"

"ಇದು ಕಾಗದ. ನಾಳೆ ಕೀಲಿ ಒತ್ತಿದರೆ ಇನ್ನೊಂದು ಬರತ್ತೆ."

"ಬರ್ಲಿ ಬುಡು. ಬಂದಾಗ ನೋಡ್ಕೊಳಾನ."

ಸೀಸದ ಕಾಲದಲ್ಲಿ ಅದು ಅವರ ದಿನದ ಅರ್ಧ ಕೆಲಸವಾಗಿತ್ತಂತೆ. ಅಚ್ಚಾದ ಪುಟವನ್ನು ಬಿಚ್ಚಿ, ಒಂದೊಂದು ಮೊಳೆಯನ್ನೂ ಅದರ ಮನೆಗೆ ಹಿಂದಿರುಗಿಸದೆ ದೀಪ ಆರಿಸುವಂತಿರಲಿಲ್ಲ. ಕೆಲಸ ಹೋದರೂ ಕೈ ಆ ಅಭ್ಯಾಸ ಬಿಟ್ಟಿರಲಿಲ್ಲ. ನಾನು ಇಷ್ಟು ಒಳ್ಳೆಯ ಮಾತಿನಲ್ಲಿ ಆಗ ಯೋಚಿಸಲಿಲ್ಲ. ಮುದುಕರಿಗೆ ಹೊತ್ತು ಹೋಗುವುದಿಲ್ಲ ಅಂದುಕೊಂಡೆ. ಚಿಕ್ಕಮ್ಮನ ಮನೆಯಲ್ಲಿ ಅವರು ಕತ್ತರಿಸುವ ಹಾಗೆ ಮಾಡಿ ತೋರಿಸಿ ನಗಿಸಿದ್ದೂ ಉಂಟು.

ಆ ವರ್ಷ ಮಳೆಗಾಲದ ಶುರುವಿನಲ್ಲಿ ಯಜಮಾನರ ತಾಯಿಯ ಕಣ್ಣು ಕೆಟ್ಟಿತು. ಎಂಬತ್ತರ ಅಜ್ಜಿ. ಪ್ರೆಸ್ಸಿನ ಹಿಂದಿನ ಮನೆಯಲ್ಲೇ ಇದ್ದರು. ಮಧ್ಯಾಹ್ನ ನನಗೆ ಸಾರು ಕಳಿಸಿಕೊಡುತ್ತಿದ್ದರು. ಡಾಕ್ಟರು ನೋಡಿ, ದೃಷ್ಟಿ ದಿನೇ ದಿನೇ ಕಡಿಮೆಯಾಗುತ್ತದೆ, ನಿಲ್ಲಿಸುವ ಔಷಧಿ ಇಲ್ಲ ಅಂದಿದ್ದರು. ಅಜ್ಜಿ ಅದಕ್ಕೆ ಗೋಳಾಡಲಿಲ್ಲ. ಅವರಿಗೆ ಇದ್ದದ್ದು ಒಂದೇ ಚಿಂತೆ. ನವೆಂಬರಿನಲ್ಲಿ ಸತ್ತವರ ಹಬ್ಬ ಬರುತ್ತದೆ. ಆ ದಿನ ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೊಂಬತ್ತಿ ಹಚ್ಚಿ ಪ್ರಾರ್ಥಿಸುತ್ತಾರೆ. ಗಂಡ ಹೋದಾಗಿನಿಂದ ಪ್ರತಿ ವರ್ಷವೂ ಅವರ ಸಮಾಧಿಯ ಮುಂದೆ ಅಜ್ಜಿ ಪುಸ್ತಕ ಹಿಡಿದು ತಾವೇ ಪ್ರಾರ್ಥನೆ ಓದುತ್ತಿದ್ದರು. ಇನ್ನೊಬ್ಬರು ಓದಿ ತಾವು ಕೇಳಿಸಿಕೊಂಡದ್ದು ಒಂದು ವರ್ಷವೂ ಇಲ್ಲ.

"ಇದೊಂದ್ ವರ್ಷ ನಾನೇ ಓದ್ಬುಡ್ತೀನಿ ಕಣೋ," ಅಂದರು ಮಗನಿಗೆ. "ಬರೋ ವರ್ಷದ ಮಾತು ಬರೋ ವರ್ಷಕ್ಕೆ."

ಹಳೆಯ ಪ್ರಾರ್ಥನಾ ಪುಸ್ತಕದ ಅಕ್ಷರ ಸಾಸಿವೆಯಷ್ಟು ಸಣ್ಣದು. ಯಜಮಾನರು ಬೆಂಗಳೂರಿನಿಂದ ಇನ್ನೂ ದಪ್ಪ ಅಕ್ಷರದ ಫ್ಲಾಪಿ ತರಿಸಿದರು. ಆಗ ಒಂದೊಂದು ಗಾತ್ರಕ್ಕೂ ಬೇರೆ ಬೇರೆ ಫ್ಲಾಪಿ. ಅದನ್ನು ನಕಲು ಮಾಡಲು ಬಾರದಂತೆ ಬೀಗ ಹಾಕಿ ಕೊಡುತ್ತಿದ್ದರು. ಅಜ್ಜಿಗಾಗಿ, ಬರೀ ಅಜ್ಜಿಗಾಗಿ, ಒಂದೇ ಪ್ರತಿಯ ಒಂದು ಪುಸ್ತಕ. ಪುಟಕ್ಕೆ ಹತ್ತೇ ಸಾಲು.

ಬೇರೆ ಕೆಲಸಗಳ ನಡುವೆ ನಾನು ದಿನಕ್ಕೆ ಒಂದೋ ಎರಡೋ ಪುಟ ಮಾಡುತ್ತಿದ್ದೆ. ದಪ್ಪ ಅಕ್ಷರ ಪ್ರಿಂಟರಿನ ಹೊಟ್ಟೆಗೆ ಭಾರ. ಒಮ್ಮೊಮ್ಮೆ ಅರ್ಧ ಪುಟ ಒಂದು ಹಾಳೆಯಲ್ಲಿ, ಇನ್ನರ್ಧ ಇನ್ನೊಂದರಲ್ಲಿ ಉಗುಳುತ್ತಿತ್ತು. ಸರಿಯಾಗಿ ಬಂದ ಪುಟವನ್ನು ಅಜ್ಜಿಗೆ ತೋರಿಸಿ ಬರುತ್ತಿದ್ದೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ಓದಿ, "ಇಲ್ಲಿ ಅಕ್ಷರ ಒತ್ತೊತ್ತಾಗಿ ಕೂತವೆ ಕಣಮ್ಮ," ಅಂತ ವಾಪಸು ಕೊಡುತ್ತಿದ್ದರು. ಮತ್ತೆ ಮಾಡು. ಹಾಳಾದದ್ದೆಲ್ಲ ದೊಡ್ಡಪ್ಪನ ಕತ್ತರಿಗೆ. ಸತ್ತವರಿಗಾಗಿ ಹೇಳುವ ಪ್ರಾರ್ಥನೆಗಳು ಪುಸ್ತಕದ ಕೊನೆಯಲ್ಲಿದ್ದವು. ಹಾಗಾಗಿ ಅವು ಕೊನೆಗೇ ಉಳಿದವು.

ಗೌರಿ ಹಬ್ಬಕ್ಕೆ ನಾನು ಊರಿಗೆ ಹೋಗಿ ಒಂದು ವಾರ ಇದ್ದು ಬಂದೆ. ಬಂದು ನೋಡಿದರೆ ಪ್ರಿಂಟರಿನ ಸ್ವಿಚ್ಚಿನ ಮೇಲೆ ಒಂದು ಚೀಟಿ: "ಆಫ್ ಮಾಡಬಾರದು." ಪಕ್ಕದಲ್ಲಿ ಕರೆಂಟು ಹೋದರೂ ಇರಲಿ ಅಂತ ಒಂದು ದೊಡ್ಡ ಬ್ಯಾಟರಿ.

"ಇನ್ಮೇಲೆ ದಿನಾ ತಿಂಡಿ ಕೊಡೋದು ಬೇಡಮ್ಮ. ಆನ್ ಮಾಡಿಯೇ ಇಟ್ಟಿರು. ನಿನಗೂ ಅರ್ಧ ಗಂಟೆ ಉಳಿಯತ್ತೆ," ಅಂದರು ಯಜಮಾನರು.

ಒಳ್ಳೆಯದೇ ಆಯಿತು ಅಂದುಕೊಂಡೆ. ಆ ಅರ್ಧ ಗಂಟೆಯಲ್ಲಿ ಕಾಫಿ ಕುಡಿಯುತ್ತ ಕೂರುವುದು ಅಭ್ಯಾಸವಾಯಿತು. ಯಾಕೆ ಅಂತ ನಾನು ಕೇಳಲಿಲ್ಲ. ಅವರು ಹೇಳಲೂ ಇಲ್ಲ.

ದಸರಾ ಬಂತು. ಆ ಪ್ರೆಸ್ಸಿನಲ್ಲಿ ಆಯುಧಪೂಜೆ ಯಜಮಾನರ ತಂದೆಯ ಕಾಲದಿಂದಲೂ ನಡೆದು ಬಂದದ್ದು. ಪೂಜೆ ಮಾಡುವವರು ದೊಡ್ಡಪ್ಪ. ಯಜಮಾನರು ಚರ್ಚಿನಿಂದ ಬಂದು ಕೈಕಟ್ಟಿ ನಿಲ್ಲುವರು. ಬೂದುಗುಂಬಳಕಾಯಿ ತರುವ ಜವಾಬ್ದಾರಿ ಮಾತ್ರ ಅಜ್ಜಿಯದು. ಮಾರ್ಕೆಟ್ಟಿನಿಂದ ಯಾರು ತಂದರೂ ಅಜ್ಜಿಗೆ ಸಮಾಧಾನವಿಲ್ಲ, ತಾವೇ ತಟ್ಟಿ ನೋಡಿ ಆರಿಸಬೇಕು.

ನನಗೆ ಅಲ್ಲಿ ಅದು ಮೊದಲ ಆಯುಧಪೂಜೆ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಎಲ್ಲರಿಗಿಂತ ಮೊದಲೇ ಬಂದು ಬಾಗಿಲು ತೆಗೆದೆ. ನೆಲ ತೊಳೆದೆ, ಕಾಗದ ಕತ್ತರಿಸುವ ಮೆಷಿನ್ನು ಒರೆಸಿದೆ, ಕೇಸುಗಳಿಗೆ ಚೆಂಡುಹೂವಿನ ಹಾರ ಕಟ್ಟಿದೆ. ಪ್ರಿಂಟರಿಗೆ ಬಂದಾಗ ಆ ಚೀಟಿ ಕಂಡಿತು. ನಮ್ಮೂರಿನಲ್ಲಿ ಆಯುಧಪೂಜೆಯ ದಿನ ಪಂಪ್‌ಸೆಟ್ಟೂ ಓಡುವುದಿಲ್ಲ, ನೇಗಿಲೂ ಮಲಗಿರುತ್ತದೆ, ನಮ್ಮಪ್ಪ ಕುಡುಗೋಲನ್ನು ಕೂಡ ಕೈಯಲ್ಲಿ ಹಿಡಿಯುವುದಿಲ್ಲ. ವರ್ಷವೆಲ್ಲ ದುಡಿದದ್ದಕ್ಕೆ ಒಂದು ದಿನ ವಿಶ್ರಾಂತಿ. ಉರಿಯುತ್ತಿರುವ ಯಂತ್ರಕ್ಕೆ ಪೂಜೆ ಮಾಡುವುದುಂಟೆ? ಅದೂ ಅಲ್ಲದೆ ಒದ್ದೆ ಬಟ್ಟೆ, ಶಾಕ್ ಹೊಡೆದರೆ? ಆ ಚೀಟಿ ಬೇರೆ ದಿನಗಳಿಗೆ ಅಂತ ನಾನೇ ತೀರ್ಮಾನ ಮಾಡಿದೆ. ನಾಳೆ ತಿಂಡಿ ಕೊಟ್ಟರಾಯಿತು. ಚೀಟಿ ಕಿತ್ತೆ, ಸ್ವಿಚ್ ಆರಿಸಿದೆ, ಬ್ಯಾಟರಿಯ ವೈರನ್ನೂ ಬಿಡಿಸಿದೆ. ಚೆನ್ನಾಗಿ ಒರೆಸಿ, ವಿಭೂತಿ ಎಳೆದು, ನಡುವೆ ರೂಪಾಯಿಯಗಲ ಕುಂಕುಮ ಇಟ್ಟೆ. ಮುದ್ದಾಗಿ ಕಾಣುತ್ತಿತ್ತು.

ಯಜಮಾನರು ಬಂದು ಹೂವಿನ ರಾಶಿಯಲ್ಲಿ ಪ್ರಿಂಟರಿನ ದೀಪ ಉರಿಯುತ್ತಿದೆಯೋ ಇಲ್ಲವೋ ನೋಡಲಿಲ್ಲ. ಮಂಗಳಾರತಿಯಾಯಿತು, ಕುಂಬಳಕಾಯಿ ಒಡೆಯಿತು, ಚುರುಮುರಿ, ಬಾಳೆಹಣ್ಣು ಹಂಚಿದೆವು.

ವಿಜಯದಶಮಿಯ ದಿನ ಕೆಲಸಕ್ಕೆ ಮುಹೂರ್ತ ಮಾಡಬೇಕು, ಒಂದು ಪುಟವಾದರೂ ತೆಗೆಯಬೇಕು. ಸಂಜೆ ಪಂಜಿನ ಕವಾಯತಿಗೆ ಜನ ಬನ್ನಿಮಂಟಪದ ಕಡೆ ನುಗ್ಗುವುದಕ್ಕೆ ಮೊದಲು ಮುಗಿಸೋಣ ಅಂತ ಬೆಳಿಗ್ಗೆಯೇ ಬಂದೆವು. ನಾನು ಪ್ರಿಂಟರ್ ಹಾಕಿ, ಫ್ಲಾಪಿಯ ಡಬ್ಬಿ ತೆಗೆದೆ. ದಪ್ಪ ಅಕ್ಷರದ ಫ್ಲಾಪಿ ಇರಲಿಲ್ಲ.

"ಸಾರ್, ದಪ್ಪಕ್ಷರದ ಫ್ಲಾಪಿ ಎಲ್ಲಿ? ತಿಂಡಿ ಕೊಡ್ಬೇಕು."

ಯಜಮಾನರು ಕನ್ನಡಕ ತೆಗೆದರು. "ತಿಂಡಿ ಯಾಕೆ? ಆನ್ ಇತ್ತಲ್ಲ?"

"ಪೂಜೆಗೆ ಅಂತ ಆಫ್ ಮಾಡಿದ್ದೆ."

ಅವರು ಮೇಜಿನ ಖಾನೆ ಎಳೆದು, ಕಾಗದದಲ್ಲಿ ಸುತ್ತಿಟ್ಟಿದ್ದ ಫ್ಲಾಪಿಯನ್ನು ಕೊಟ್ಟರು. ಅದರೊಳಗಿನ ತೆಳು ತಟ್ಟೆಯ ಮೇಲೆಲ್ಲ ಬೂದಿಬಣ್ಣದ ಬೂಷ್ಟು ಹಿಡಿದಿತ್ತು. ಹಾಕಿ ನೋಡಿದೆ. ಕರಕರ ಅಂತ ಗೋಗರೆದು ಓದಲಾರೆ ಅಂದಿತು. ಮೂರು ಸಲ ಹಾಕಿದೆ. ಕೊನೆಗೆ ಆಸೆಯಿಂದ ಒಂದು ಪುಟ ತೆಗೆದೆ. ಸತ್ತವರ ಪ್ರಾರ್ಥನೆಯ ಮೊದಲ ಪುಟ ಪಿ, ಎ, ಪೌಂಡು, ಮತ್ತೆ ಪಿ ಆಗಿ ಹೊರಗೆ ಬಂತು.

ಗೌರಿ ಹಬ್ಬಕ್ಕೆ ಹೋಗುವಾಗ ಆ ಫ್ಲಾಪಿಯನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟು ಹೋದವಳು ನಾನೇ. ವಾರವೆಲ್ಲ ಮಳೆಯ ಎರಚಲು ಹೊಡೆದಿದೆ. ಯಜಮಾನರು ನೋಡುವ ಹೊತ್ತಿಗೆ ಅದು ಸತ್ತಿತ್ತು. ಪುಣ್ಯಕ್ಕೆ ಅದಕ್ಕೆ ಮೊದಲೇ ತುಂಬಿದ್ದ ಅಕ್ಷರ ಪ್ರಿಂಟರಿನ ಹೊಟ್ಟೆಯಲ್ಲಿ ಇನ್ನೂ ಇತ್ತು. ನಾನು ಊರಿಗೆ ಹೊರಡುವ ಗಡಿಬಿಡಿಯಲ್ಲಿ ಆಫ್ ಮಾಡುವುದನ್ನೂ ಮರೆತಿದ್ದೆ. ಪ್ರಪಂಚದಲ್ಲಿ ನಮ್ಮ ಪಾಲಿಗೆ ಆ ಅಕ್ಷರ ಉಳಿದಿದ್ದದ್ದು ಅಲ್ಲೊಂದೇ ಕಡೆ. ಅದಕ್ಕೇ ಚೀಟಿ, ಅದಕ್ಕೇ ಬ್ಯಾಟರಿ.

"ಮೊದ್ಲೇ ಹೇಳೋಕೆ ಏನಾಗಿತ್ತು ಸಾರ್ ನಿಮಗೆ?" ಅಂತ ಕೂಗಿಬಿಟ್ಟೆ. ಯಜಮಾನರಿಗೆ ಹಾಗೆ ಅನ್ನಬಾರದು. ಅಂದೆ.

"ಹೇಳಿದ್ರೆ ನೀನು ಅಳ್ತೀಯ ಅಂತ ಹೇಳ್ಲಿಲ್ಲಮ್ಮ."

"ಈಗೇನು ನಗ್ತಿದೀನಾ?"

ಅವರ ಮುಖ ನೋಡಿ ನನಗೆ ಇನ್ನಷ್ಟು ಅಳು ಬಂತು. ಕೊನೆಯ ಏಳು ಪುಟ ಉಳಿದಿದ್ದವು. ಅಜ್ಜಿಗೆ ಬೇಕಾಗಿದ್ದದ್ದೇ ಆ ಏಳು ಪುಟ. ಸತ್ತವರ ಹಬ್ಬಕ್ಕೆ ಇದ್ದದ್ದು ಎರಡು ವಾರ.

ಮಾರನೆಯ ದಿನ ಯಜಮಾನರು ಬೆಂಗಳೂರಿಗೆ ಮತ್ತೊಮ್ಮೆ ಫೋನ್ ಮಾಡಿದರು. ಅಂಗಡಿಯವನು, "ಆ ಮಾಡೆಲ್ ನಿಂತೋಯ್ತು ಸಾರ್, ಹೊಸ ಫಾಂಟು ಹೊಸ ಪ್ರಿಂಟರಿಗೆ ಮಾತ್ರ ಕೂರತ್ತೆ," ಅಂದ. ಒಂದೇ ವರ್ಷದಲ್ಲಿ ನಮ್ಮದು ಹಳೆಯ ಪ್ರಿಂಟರಾಗಿತ್ತು. ಚಿಕ್ಕ ಅಕ್ಷರದಲ್ಲಿ ತೆಗೆದು ಜೆರಾಕ್ಸಿನಲ್ಲಿ ಹಿಗ್ಗಿಸಿದೆವು. ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿ, ಹಿನ್ನೆಲೆ ಬೂದಿಯಾಗಿ ಬಂತು. ಅಜ್ಜಿ ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇದು ಮಸುಕು ಕಣಮ್ಮ. ಕಣ್ಣಿನ ಮಸುಕೇ ಸಾಕಾಗಿದೆ," ಅಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅವತ್ತೂ ಸಾರು ಕಳಿಸಿದ್ದರು.

ಮಧ್ಯಾಹ್ನ ದೊಡ್ಡಪ್ಪ ಎದ್ದು ಬಂದು ನನ್ನ ಮೇಜಿನ ಮುಂದೆ ನಿಂತರು.

"ಈಗ ಬೇಕಾಗಿರೋದು ಅಕ್ಷರ ತಾನೇ?"

"ಊಂ."

"ಮತ್ತೆ ಅತ್ತುಕೊಂಡು ಯಾಕ್ ಕೂತಿದೀಯ? ಎದ್ದು ಬಾ."

ಗೋಡೆಗೆ ಒರಗಿದ್ದ ಕೇಸನ್ನು ಬಾಡಿದ ಹಾರದ ಸಮೇತ ಎತ್ತಿ ಬೆಳಕಿಗೆ ತಂದು ಮಲಗಿಸಿದರು. ನಾನು ಅದರೊಳಗೆ ಯಾವತ್ತೂ ಇಣುಕಿ ನೋಡಿರಲಿಲ್ಲ. ಮನೆಮನೆಯಲ್ಲೂ ದಪ್ಪ ಅಕ್ಷರ. ಕ-ಕಾರದ ಮನೆ ತುಂಬ ಕ, ಒತ್ತಿನ ಮನೆ ತುಂಬ ಒತ್ತು, ಇಳಿ, ಗುಡಿಸು, ಸೊನ್ನೆ ಎಲ್ಲ ಬೇರೆ ಬೇರೆ. ನಾನು ಸಿಟ್ಟಿನಿಂದ ಮುದುರಿ ಎಸೆದ ನಾಲ್ಕು ತಿಂಗಳ ಪುಟಗಳು ಅಲ್ಲಿ ಒಪ್ಪವಾಗಿ ಕೂತಿದ್ದವು. ಯಜಮಾನರು ಒಂದು ಮನೆಯೊಳಗೆ ಬೆರಳಾಡಿಸಿ ನೋಡಿದರು.

ಆ ವಾರ ಪ್ರೆಸ್ಸಿನಲ್ಲಿ ದೊಡ್ಡಪ್ಪನೇ ಕಂಪೋಸಿಟರು, ನಾನು ಅವರ ಕೈಕೆಳಗಿನವಳು. ಮೈದಾಹಿಟ್ಟು ಕುದಿಸಿ, ಹುಳ ಬೀಳದಿರಲಿ ಅಂತ ಚಿಟಿಕೆ ಮೈಲುತುತ್ತ ಹಾಕಿ ಅಂಟು ಮಾಡಿದೆ. ಅವರು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಚಿಮಟದಲ್ಲಿ ಅಕ್ಷರ ಎತ್ತಿ ಇಡುತ್ತ ಹೋದರು. ನಾನು ಓದಿ ಹೇಳುವುದು, ಅವರ ಕೈ ಕೇಸಿನ ಕಡೆ ನೋಡದೆಯೇ ಸರಿಯಾದ ಮನೆಗೆ ಹೋಗುವುದು. ಸಾಫ್ಟ್‌ವೇರಿಗೂ ಪ್ರಿಂಟರಿಗೂ ಯಾವತ್ತೂ ಹೊಂದದಿದ್ದ ಆ ಅಗಲದ ಲೆಕ್ಕ ಅವರ ಕಣ್ಣಿಗೆ ತಾನಾಗಿ ಹೊಂದುತ್ತಿತ್ತು. ಒಂದಕ್ಷರ ಇನ್ನೊಂದರ ಮೇಲೆ ಹತ್ತಲಿಲ್ಲ.

"ನೀನು ಕೋಪ ಮಾಡ್ಕೊಂಡಿದ್ದು ಒಳ್ಳೇದೇ ಆಯ್ತು ಕಣಮ್ಮ," ಅಂದರು ಒಂದು ಸಲ. "ಸಮಾಧಾನಸ್ಥೆ ಆಗಿದ್ದಿದ್ರೆ ಇಷ್ಟು ಅಕ್ಷರ ಎಲ್ಲಿ ಸಿಕ್ತಿತ್ತು?"

ಏಳನೆಯ ಪುಟಕ್ಕೆ ಬಂದಾಗ ಮ-ಒತ್ತು ಮುಗಿದುಹೋಯಿತು. ಸತ್ತವರ ಪ್ರಾರ್ಥನೆಯಲ್ಲಿ ಸಾಲುಸಾಲಿಗೂ ಆತ್ಮ. ಒಂದೇ ಒಂದು ಕಡಿಮೆ ಬಿತ್ತು. ದೊಡ್ಡಪ್ಪ ಕಪ್ಪು ಮಸಿಯಲ್ಲಿ ಕೈಯಲ್ಲೇ ಬರೆದರು. ಪಕ್ಕದಲ್ಲಿಟ್ಟು ನೋಡಿದರೂ ನನಗೆ ವ್ಯತ್ಯಾಸ ತಿಳಿಯಲಿಲ್ಲ. ಈ ಹಾಳೆಗಳನ್ನು ಜೆರಾಕ್ಸ್ ಮಾಡಿದರೆ ಮತ್ತೆ ಮಸುಕು, ಅದಕ್ಕೆ ಅಂಟಿಸಿದವನ್ನೇ ಉಳಿದ ಪುಟಗಳ ಜೊತೆ ಸೇರಿಸಿ ಬೈಂಡು ಮಾಡಿದರು. ಹಬ್ಬದ ಹಿಂದಿನ ದಿನ ಪುಸ್ತಕ ಅಜ್ಜಿಯ ಕೈ ಸೇರಿತು.

ದೊಡ್ಡಪ್ಪನೂ ನಾನೂ ಬರಲೇಬೇಕು ಅಂತ ಅಜ್ಜಿ ಹೇಳಿ ಕಳಿಸಿದ್ದರು. ಹೋದೆವು. ಅಲ್ಲಿಯವರೆಗೆ ಆ ಸ್ಮಶಾನದೊಳಗೆ ನಾನು ಕಾಲಿಟ್ಟಿರಲಿಲ್ಲ. ಎಲ್ಲ ಸಮಾಧಿಗಳ ಮೇಲೂ ಸೇವಂತಿಗೆ, ಮೊಂಬತ್ತಿ. ಮಕ್ಕಳು ಮರಿ ಎಲ್ಲ ಬಂದಿದ್ದರು. ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗಂಡನ ಸಮಾಧಿಯ ಮುಂದೆ ಸ್ಟೂಲಿನ ಮೇಲೆ ಕೂತು ಪುಸ್ತಕ ಬಿಚ್ಚಿದರು. ಬೆರಳಿಟ್ಟು, ನಿಧಾನವಾಗಿ, ಗಟ್ಟಿ ದನಿಯಲ್ಲಿ ಓದತೊಡಗಿದರು. ಒಂದನೆಯ ಪುಟ, ಎರಡು, ಮೂರು. ನಾನು ಹಿಂದೆ ನಿಂತು ಸಾಲುಸಾಲೂ ನೋಡುತ್ತಿದ್ದೆ, ಪರೀಕ್ಷೆ ಬರೆದವಳ ಹಾಗೆ.

ಐದನೆಯ ಪುಟ ತಿರುವಬೇಕಾದಲ್ಲಿ ಎರಡು ಹಾಳೆ ಒಟ್ಟಿಗೆ ಬಂದವು. ನನ್ನ ಮೈದಾ ಅಂಟು. ಅಂಚಿನಲ್ಲಿ ಹೆಚ್ಚಾಗಿ ಒಸರಿ ಎರಡು ಪುಟಗಳನ್ನು ಕಚ್ಚಿಕೊಂಡಿತ್ತು. ಅಜ್ಜಿ ಒಂದು ಗಳಿಗೆ ಬೆರಳಾಡಿಸಿ, ಹಾಳೆಯನ್ನು ಹಾಗೆಯೇ ಬಿಟ್ಟು, ಮುಂದುವರಿಸಿದರು. ಒಂದು ಪದವೂ ತಪ್ಪಲಿಲ್ಲ. ಅಂಟಿದ ಪುಟದಲ್ಲಿದ್ದದ್ದನ್ನೂ ಪೂರ್ತಿ ಹೇಳಿ, ಮುಂದಿನ ಪುಟದ ಮೊದಲ ಸಾಲಿಗೆ ಸರಿಯಾಗಿ ಬೆರಳಿಟ್ಟರು.

ನನಗೆ ಅನುಮಾನ ಹತ್ತಿತು. ಇವರಿಗೆ ಎಲ್ಲ ಬಾಯಿಪಾಠವಾಗಿದೆ. ಕಣ್ಣು ಪೂರ್ತಿ ಹೋಗಿದೆಯೋ ಏನೋ, ಮಗನಿಗೆ ನೋವಾಗಬಾರದು ಅಂತ ಓದಿದ ಹಾಗೆ ಮಾಡುತ್ತಿದ್ದಾರೆ. ಅಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮವಾಯಿತಲ್ಲ ಅನ್ನಿಸಿತು.

ಪ್ರಾರ್ಥನೆ ಮುಗಿದ ಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆದರು.

"ಪುಟ ಅಂಟ್ಕೊಂಡಿತ್ತು ಕಣಮ್ಮ. ಕಿತ್ತರೆ ನೀವು ಕೂರಿಸಿದ ಅಕ್ಷರ ಎದ್ದು ಬರತ್ತೆ ಅಂತ ಬಿಟ್ಟೆ. ಅದೊಂದು ಪುಟ ನನಗೆ ಬರತ್ತೆ." ಆಮೇಲೆ ಕೊನೆಯ ಪುಟ ತೆಗೆದು ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ದೊಡ್ಡಪ್ಪನ ಕಡೆ ತಿರುಗಿದರು. "ಈ ಒತ್ತು ಕೈಯಲ್ಲಿ ಬರ್ದಿದ್ದು ಅಲ್ವೇನಪ್ಪಾ?"

ದೊಡ್ಡಪ್ಪ ನಾಲಿಗೆ ಕಚ್ಚಿಕೊಂಡರು. "ಊಂ ಕಣ್ರಮ್ಮ. ಒಂದು ಕಮ್ಮಿ ಬಿತ್ತು."

ನಾನು ಅಲ್ಲೇ, ಅಷ್ಟು ಜನರ ನಡುವೆ, ಜೋರಾಗಿ ಅತ್ತುಬಿಟ್ಟೆ. ಪಕ್ಕದ ಸಮಾಧಿಯವರು ನನ್ನನ್ನು ಹತ್ತಿರದ ಸಂಬಂಧಿ ಅಂದುಕೊಂಡು ಸಮಾಧಾನ ಹೇಳಿದರು. ನನಗೆ ಅಷ್ಟು ಸಂತೋಷವಾಗಿತ್ತು.

ಮನೆಗೆ ಬಂದ ಮೇಲೆ ಯಜಮಾನರು ಬ್ಲೇಡು ತಂದು ಆ ಎರಡು ಹಾಳೆಗಳನ್ನು ಬಿಡಿಸಲು ಕೂತರಂತೆ. ಅಜ್ಜಿ ಬಿಡಲಿಲ್ಲ. "ಅದು ಅಂಗೇ ಇರ್ಲಿ," ಅಂದರಂತೆ.

ಮುಂದಿನ ವರ್ಷ ಹೊಸ ಪ್ರಿಂಟರು ಬಂದಿತ್ತು. ಅದಕ್ಕೆ ತಿಂಡಿ ಬೇಕಿರಲಿಲ್ಲ, ಯಾವ ಗಾತ್ರ ಕೇಳಿದರೂ ಕೊಡುತ್ತಿತ್ತು. ಅಷ್ಟು ಹೊತ್ತಿಗೆ ಅಜ್ಜಿಗೆ ಯಾವ ಗಾತ್ರವೂ ಕಾಣುತ್ತಿರಲಿಲ್ಲ. ಸತ್ತವರ ಹಬ್ಬಕ್ಕೆ ಅದೇ ಸ್ಟೂಲಿನ ಮೇಲೆ ಕೂತರು; ಅದೇ ಪುಸ್ತಕ ಹಿಡಿದು ಓದಿದವರು ಮಗ. ದೊಡ್ಡಪ್ಪನೂ ನಾನೂ ಹಿಂದೆ ನಿಂತಿದ್ದೆವು. ಯಜಮಾನರು ಓದುತ್ತ ಓದುತ್ತ ಐದನೆಯ ಪುಟ ಮುಗಿಸಿ, ತಿರುವುವಾಗ ಎರಡು ಹಾಳೆ ಒಟ್ಟಿಗೆ ಬಂದದ್ದೇ ಓದು ನಿಲ್ಲಿಸಿದರು.

ಆ ಪುಟವನ್ನು ಅಜ್ಜಿ ಹೇಳಿದರು.